ಬಾರ್ ಚಾರ್ಟ್, ಲಾಸ್ಟ್ ಪ್ಲಾನರ್, ಟ್ಯಾಕ್ಟ್: ಕಟ್ಟಡ ತಡವಾಗದಿರಲು ಯಾವುದು?

ಕಟ್ಟಡದ ಕೆಲಸವನ್ನು ಪ್ಲಾನ್ ಮಾಡುವ ಈ ಮೂರೂ ವಿಧಾನಗಳನ್ನು ಸೈಟಿನಲ್ಲಿ ಬಳಸಿ ನೋಡಿದ್ದೇನೆ. ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ಲಾಸ್ಟ್ ಪ್ಲಾನರ್.

ಬಾರ್ ಚಾರ್ಟ್ ಎಂದರೆ ಯಾವ ಕೆಲಸ ಯಾವಾಗ ಶುರು, ಯಾವಾಗ ಮುಗಿತಾಯ ಎಂದು ಪಟ್ಟಿಗಳಲ್ಲಿ ತೋರಿಸುವ ಚಾರ್ಟ್. ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಕಟ್ಟಡವನ್ನೇ ತಡಮಾಡುವ ಕೆಲಸಗಳ ಸಾಲು) ಗುರುತಿಸಿದ ಅಂಥ ಚಾರ್ಟ್ ಬೇಡ ಅಂತಲ್ಲ. ಯಾವ ಕೆಲಸ ಹಿಂದೆ ಬಿದ್ದರೆ ಇಡೀ ಕಟ್ಟಡ ಹಿಂದೆ ಬೀಳುತ್ತದೆ ಎಂದು ಅದೇ ತೋರಿಸಬೇಕು. ಲಿಫ್ಟ್‌ಗೆ ಯಾವಾಗ ಆರ್ಡರ್ ಕೊಡಬೇಕು ಎಂದು ಗೊತ್ತಾಗುವುದೂ ಅಲ್ಲಿಂದಲೇ. ಆದರೆ ಚಾರ್ಟಿನಲ್ಲಿ ‘ಸೋಮವಾರ ಪ್ಲಾಸ್ಟರಿಂಗ್’ ಎಂದಷ್ಟೇ ಇರುತ್ತದೆ. ಗೋಡೆಯೊಳಗಿನ ಪೈಪ್ ಮುಗಿದಿದೆಯಾ, ಮರಳು ಬಂದಿದೆಯಾ ಎಂದು ಅದು ಕೇಳುವುದಿಲ್ಲ. ತಂಡ ಬಂದು ಸುಮ್ನೆ ಕೂತಿರುತ್ತದೆ.

ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ 1990ರ ದಶಕದಲ್ಲಿ ಬೆಳೆಸಿದ ಲಾಸ್ಟ್ ಪ್ಲಾನರ್ ಶುರುವಾಗುವುದೇ ಆ ಪ್ರಶ್ನೆಯಿಂದ. ಸಾಮಾನ್ಯವಾಗಿ ಮುಂದಿನ ಆರು ವಾರಗಳ ಕೆಲಸವನ್ನು ಎದುರಿಗಿಟ್ಟುಕೊಳ್ಳುತ್ತೇವೆ. ಡ್ರಾಯಿಂಗ್, ಸಾಮಾನು, ಆಳು, ಜಾಗ, ಹಿಂದಿನ ಕೆಲಸ: ಏನು ಅಡ್ಡಿ ಇದೆಯೋ ಬರೆದು, ಅದನ್ನು ಯಾರು ಯಾವತ್ತಿಗೆ ಬಿಡಿಸಬೇಕು ಎಂದು ಗೊತ್ತು ಮಾಡುತ್ತೇವೆ. ಅಡ್ಡಿ ಕಳೆದ ಕೆಲಸ ಮಾತ್ರ ವಾರದ ಪ್ಲಾನಿಗೆ ಬರುತ್ತದೆ. ಮಾತು ಕೊಡುವುದು ಆ ಕೆಲಸ ಮಾಡಿಸುವ ಮೇಸ್ತ್ರಿಯೇ. “ಆಗಲ್ಲ ಸಾರ್, ಬಾತ್‌ರೂಮ್ ಡ್ರಾಯಿಂಗ್ ಇನ್ನೂ ಬಂದಿಲ್ಲ” ಎಂದು ಪ್ಲಂಬರ್ ಮೀಟಿಂಗ್‌ನಲ್ಲೇ ಹೇಳುತ್ತಾರೆ. ಈ ಧೈರ್ಯವೇ ನನಗೆ ಕಂಡ ದೊಡ್ಡ ಲಾಭ. ವಾರದ ಕೊನೆಗೆ ಲೆಕ್ಕ: 20 ಕೆಲಸಕ್ಕೆ ಮಾತು ಕೊಟ್ಟು 14 ಮುಗಿದರೆ ಶೇ 70. ಅರ್ಧ ಮುಗಿದದ್ದು ಲೆಕ್ಕಕ್ಕಿಲ್ಲ. ಮುಗಿಯದ ಆರಕ್ಕೆ ಕಾರಣ ಹುಡುಕಬೇಕು. ಈ ಅಂಕಿ ಹಿಡಿದು ಬೈಯಲು ಹೊರಟರೆ ಎಲ್ಲ ಕೆಟ್ಟಿತು. ಜನ ಸುಲಭದ ಕೆಲಸಕ್ಕಷ್ಟೇ ಮಾತು ಕೊಡುತ್ತಾರೆ. ಆಗ ಶೇಕಡಾವಾರು ಏರುತ್ತದೆ, ಕಟ್ಟಡ ಮಾತ್ರ ಏಳುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಬಾರ್ ಚಾರ್ಟ್ ಇರಲೇಬೇಕು.

ಟ್ಯಾಕ್ಟ್ ಎಂದರೆ ಎಲ್ಲ ತಂಡಗಳೂ ಒಂದೇ ತಾಳದಲ್ಲಿ, ಪ್ರತಿ ಜಾಗಕ್ಕೂ ಅಷ್ಟಷ್ಟೇ ದಿನ ತೆಗೆದುಕೊಂಡು ಮುಂದೆ ಸಾಗುವುದು. ಅದು ಸರಿಯಾಗಿ ಕೂತರೆ ವೇಗದಲ್ಲಿ ಇವೆರಡನ್ನೂ ಮೀರಿಸುತ್ತದೆ. 10 ಮಹಡಿ, 6 ತಂಡ, ಪ್ರತಿ ಮಹಡಿಗೆ ಪ್ರತಿ ತಂಡಕ್ಕೂ 5 ದಿನ ಎಂದುಕೊಳ್ಳಿ. ಒಂದರ ಹಿಂದೆ ಒಂದು ತಂಡ ಮೇಲೇರುತ್ತಾ ಹೋದರೆ 75 ಕೆಲಸದ ದಿನಗಳಲ್ಲಿ ಎಲ್ಲ ಮುಗಿಯುತ್ತದೆ. ಮಹಡಿಗಳೆಲ್ಲ ಒಂದೇ ಥರ ಇದ್ದಾಗ ಫಿನಿಶಿಂಗ್ ಕೆಲಸಕ್ಕೆ ಇದು ತುಂಬ ಚೆನ್ನಾಗಿ ಹೊಂದುತ್ತದೆ. ಬೇಸ್‌ಮೆಂಟ್, ಪಂಪ್ ರೂಮ್‌ನಂಥ ಕಡೆ ಹೊಂದುವುದಿಲ್ಲ. ಟೈಲ್ಸ್ ತಂಡ ಒಂದು ಮಹಡಿಯಲ್ಲಿ ಸಿಕ್ಕಿಕೊಂಡರೆ ಹಿಂದಿನವರೆಲ್ಲ ನಿಲ್ಲಬೇಕು. ಹಾಗಾಗಿ ಅಡ್ಡಿಗಳನ್ನು ಮುಂಚೆಯೇ ಬಿಡಿಸುವ ಅಭ್ಯಾಸ ತಂಡಗಳಿಗೆ ಬರುವ ತನಕ ನಾನು ಟ್ಯಾಕ್ಟ್ ಶುರು ಮಾಡುವುದಿಲ್ಲ.