ಷೇರಿನ ಪಾಲು ಬದಲಿಸಲು ನನಗೆ ಗೆರೆಯೇ ಸಾಕು

2020ರ ಏಪ್ರಿಲ್ ಮೊದಲ ವಾರ ಒಂದು ಖಾತೆಯಲ್ಲಿ ನಾನು ಷೇರು ಕೊಂಡೆ. ಅದೇ ವಾರ ನನ್ನ ಉಳಿದ ಹಣ ಇದ್ದ ಫಂಡ್ ಷೇರು ಮಾರಿ ಕೂತಿತ್ತು. ಯಾವುದು ನನಗೆ ಸರಿ ಅಂತ ಅಲ್ಲೇ ತೀರ್ಮಾನವಾಯಿತು.

ನಾನು ಕೊಂಡ ಖಾತೆಯಲ್ಲಿ ನೂರಕ್ಕೆ 60 ಪಾಲು ಷೇರು, 40 ಪಾಲು ಬಾಂಡ್ (ಸಾಲಪತ್ರ). ಷೇರಿನ ಪಾಲು 55ಕ್ಕೆ ಇಳಿದರೆ ಕೊಳ್ಳುತ್ತೇನೆ, 65 ಮುಟ್ಟಿದರೆ ಮಾರುತ್ತೇನೆ. ಈ ಎರಡೇ ನನ್ನ ಗೆರೆಗಳು, ನಡುವೆ ಇದ್ದರೆ ಕೈ ಹಾಕುವುದಿಲ್ಲ.

ಫಂಡ್‌ನ ಮಾತು ಕೇಳೋಕೆ ಚೆನ್ನಾಗಿತ್ತು. ಏರಿಳಿತ ಜಾಸ್ತಿಯಾದರೆ ಮ್ಯಾನೇಜರ್ ಷೇರು ಕಡಿಮೆ ಮಾಡುತ್ತಾರೆ, ತಣ್ಣಗಾದ ಮೇಲೆ ಮತ್ತೆ ಸೇರಿಸುತ್ತಾರೆ. ಆದರೆ ಏರಿಳಿತ ಅಳೆಯುವುದು ಕಳೆದ ಕೆಲವು ವಾರಗಳ ಬೆಲೆಯಿಂದ. ಬೆಲೆ ಬಿದ್ದ ಮೇಲಷ್ಟೇ ಅಪಾಯ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಅಮೆರಿಕದ ಷೇರು ಸೂಚ್ಯಂಕ ಎಸ್ ಅಂಡ್ ಪಿ 500 ಆ ವರ್ಷ ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಸುಮಾರು ಶೇ 34 ಕುಸಿಯಿತು. ಅರ್ಧ ದಾರಿ ಬಿದ್ದ ಮೇಲೆ ಫಂಡ್ ಮಾರಿತು.

ಏರುವಾಗ ಇನ್ನೂ ಕಷ್ಟ. ಏಪ್ರಿಲ್‌ನಲ್ಲಿ ಬೆಲೆ ಮೇಲೇಳುತ್ತಿದ್ದರೂ ಮಾರ್ಚ್‌ನ ಆ ಕೆಟ್ಟ ದಿನಗಳು ಲೆಕ್ಕದೊಳಗೇ ಇದ್ದವು. ಹಾಗಾಗಿ ಫಂಡ್ ಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ ಸೂಚ್ಯಂಕ ಹಳೆಯ ಎತ್ತರ ದಾಟಿದಾಗಲೂ ನನ್ನ ಹಣ ಕೆಳಗೇ ಇತ್ತು. ಮ್ಯಾನೇಜರ್ ತಪ್ಪು ಮಾಡಲಿಲ್ಲ, ನಿಯಮ ಇರುವುದೇ ಹಾಗೆ. ಇಂಥ ನಿಯಮ ಹಿಡಿದವರೆಲ್ಲ ಒಟ್ಟಿಗೆ ಮಾರಿದರೆ ಏನಾಗುತ್ತದೆ ಅನ್ನುವುದಕ್ಕೆ 1987ರ ಅಕ್ಟೋಬರ್ 19 ಇದೆ. ಅಂದು ಅಮೆರಿಕದ ಇನ್ನೊಂದು ಸೂಚ್ಯಂಕ ಡೌ ಒಂದೇ ದಿನ ಶೇ 22.6 ಬಿತ್ತು. ಬೆಲೆ ಬಿದ್ದಷ್ಟೂ ಮಾರುತ್ತಾ ಹೋಗುವ, ಪೋರ್ಟ್‌ಫೋಲಿಯೊ ವಿಮೆ ಅನ್ನುವ ಹೆಸರಿನ ಮಾರಾಟ ಆ ಬೀಳುವಿಕೆಯನ್ನು ಇನ್ನಷ್ಟು ತಳ್ಳಿತ್ತು.

ಕುಸಿತ ನಿಧಾನವಾಗಿ, ತಿಂಗಳುಗಟ್ಟಲೆ ನಡೆದರೆ ಇದೇ ಫಂಡ್ ಹಣ ಉಳಿಸೀತು. ಅದನ್ನು ಒಪ್ಪುತ್ತೇನೆ.

ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ಮಾತ್ರ ಪಾಲನ್ನು ಮತ್ತೆ 60-40ಕ್ಕೆ ಸರಿಮಾಡುವ ದಾರಿಯನ್ನೂ ನೋಡಿದೆ. ಸುಲಭವೇನೋ ನಿಜ, ಆದರೆ 2020ರ ಇಡೀ ಕುಸಿತ ಎರಡು ಡಿಸೆಂಬರ್‌ಗಳ ನಡುವೆಯೇ ಬಂದು ಹೋಯಿತು.

ಗೆರೆಗೂ ಮಿತಿ ಇದೆ. ಬಾಂಡ್ ಅಲ್ಲಾಡದಿದ್ದರೆ, 60 ಪಾಲು 55ಕ್ಕೆ ಬರಲು ಷೇರು ಸುಮಾರು ಶೇ 18.5 ಬೀಳಬೇಕು. 2022ರಲ್ಲಂತೂ ಷೇರು, ಬಾಂಡ್ ಎರಡೂ ಬಿದ್ದವು. ಒಟ್ಟು ಹಣ ಕರಗಿದರೂ ಪಾಲು 58ರ ಹತ್ತಿರವೇ ಉಳಿದು ಗೆರೆ ಮುಟ್ಟಲಿಲ್ಲ. ಆ ವರ್ಷ ಸುಮ್ನೆ ನೋಡುತ್ತಾ ಕೂತೆ, ಮನಸ್ಸಿಗೆ ತುಂಬಾ ಕಷ್ಟವಾಯಿತು.

ಬೆಲೆ ಬಿದ್ದಾಗ ಕೊಳ್ಳಲು ಧೈರ್ಯ ಬಾರದವರು ಫಂಡ್‌ಗೇ ಕೊಡಲಿ. ನನಗೆ ತಿಂಗಳ ಮೊದಲ ಭಾನುವಾರ ಲೆಕ್ಕ ನೋಡುವ ಅಭ್ಯಾಸ ಇದೆ. ಅದೇ ಕೆಲಸಕ್ಕೆ ಪ್ರತಿ ವರ್ಷ ಶುಲ್ಕ ಕಟ್ಟುವಷ್ಟು ಹಣ ನನ್ನದಲ್ಲ. ಫಂಡ್‌ನಲ್ಲಿದ್ದ ಹಣವನ್ನೂ ಗೆರೆಯ ಖಾತೆಗೇ ತಂದುಕೊಂಡಿದ್ದೇನೆ.