300 ಮೀಟರೋ, 1000 ಮೀಟರೋ: ರೋಲರ್ ಸ್ಕೇಟಿಂಗ್ ವೇಗಿಯ ಆಯ್ಕೆ

ಮೈಸೂರಿನಲ್ಲಿ ಇನ್‌ಲೈನ್ ಸ್ಕೇಟಿಂಗ್ (ಚಕ್ರಗಳು ಒಂದೇ ಸಾಲಿನಲ್ಲಿರುವ ರೋಲರ್ ಸ್ಕೇಟಿಂಗ್) ಅಭ್ಯಾಸ ಮಾಡುತ್ತಿರುವ ಯುವಕನೊಬ್ಬ ಕಡಿಮೆ ದೂರದ ಸ್ಪರ್ಧೆಯನ್ನೇ ನೆಚ್ಚಿಕೊಳ್ಳಬೇಕೆಂದಿದ್ದರೆ, ಟೈಮ್ ಟ್ರಯಲ್ (ಒಬ್ಬೊಬ್ಬರಾಗಿ ಗಡಿಯಾರದೊಡನೆ ಪೈಪೋಟಿ) ಮತ್ತು ಗುಂಪಿನ ಸ್ಪ್ರಿಂಟ್ (ಹಲವರು ಒಟ್ಟಿಗೆ ಹೊರಡುವ ವೇಗದ ಸ್ಪರ್ಧೆ) ಇವೆರಡರಲ್ಲಿ ತನ್ನ ಸ್ವಭಾವಕ್ಕೆ ಯಾವುದು ಒಗ್ಗುತ್ತದೆಂದು ಮೊದಲು ನೋಡಿಕೊಳ್ಳಬೇಕು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರಿಗೆ 300 ಮೀಟರ್ ಟೈಮ್ ಟ್ರಯಲ್ ಹಾಗೂ 500 ಮೀಟರ್ ಸ್ಪ್ರಿಂಟ್ ಇದ್ದವು; 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ವೈಯಕ್ತಿಕ ಸ್ಪ್ರಿಂಟ್ ಎಂದರೆ 1000 ಮೀಟರ್ ಒಂದೇ.

ಟೈಮ್ ಟ್ರಯಲ್‌ನಲ್ಲಿ ಹೊರಡುವ ರಭಸ ಮತ್ತು ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮುಂದಿನಿಂದ ದಾಟಿಸುವ ಅಚ್ಚುಕಟ್ಟುತನವೇ ಸರ್ವಸ್ವ. ಒಮ್ಮೆ ಮುಗ್ಗರಿಸಿದರೆ ಸರಿಪಡಿಸಿಕೊಳ್ಳಲು ದೂರ ಉಳಿದಿರುವುದಿಲ್ಲ.

ಸಾವಿರ ಮೀಟರಿನ ಲೆಕ್ಕಾಚಾರವೇ ಬೇರೆ. 200 ಮೀಟರ್ ಟ್ರ್ಯಾಕಿನ ಐದು ಸುತ್ತುಗಳಲ್ಲಿ, ಮುಂದಿರುವವನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆಯಿಂದ ಪಾರಾಗುವುದು, ಒಳಬದಿಯ ಜಾಗ ಬಿಟ್ಟುಕೊಡದಿರುವುದು, ಕೊನೆಯ ಸುತ್ತಿಗೆ ಕಸುವು ಉಳಿಸಿಕೊಳ್ಳುವುದು, ಅಂತಿಮ ಗೆರೆಯಲ್ಲಿ ಒಂದು ಕಾಲನ್ನು ಮುಂದಕ್ಕೆ ಚಾಚಿ ಚಕ್ರವನ್ನು ಮೊದಲು ದಾಟಿಸುವುದು, ಇವೆಲ್ಲ ಕೂಡಿದಾಗಲೇ ಗೆಲುವು. ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 2025ರ ಚೆಂಗ್ಡು ವಿಶ್ವ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಈ ದೂರದಲ್ಲಿಯೇ.

ಒಬ್ಬನೇ ಅಭ್ಯಾಸ ಮಾಡುವವನಿಗೆ ಟೈಮ್ ಟ್ರಯಲ್ ಅನುಕೂಲ. ಸಮಬಲದ ಜೊತೆಗಾರರಿದ್ದರೆ ಮಾತ್ರ ಸಾವಿರ ಮೀಟರನ್ನು ಆರಿಸಿಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಗಳಿಸಿದ ವೇಗವಂತೂ (ಅದು ಅಪಾಯಕರವೂ ಹೌದು) ಎರಡಕ್ಕೂ ಒದಗುವುದಿಲ್ಲ. ಸಮತಟ್ಟಾದ ಟ್ರ್ಯಾಕೇ ಬೇಕು.