ಕೊಡಗಿನ ಮಳೆಗಾಲಕ್ಕೆ ಬಿಲ್ಡ್‌ರೂಟಾ, ಯೋಕ್ಟೋನಾ?

ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಳೆ ಲೆಕ್ಕ ಬರೆದಿಡಲು ರಾಸ್ಪ್‌ಬೆರಿ ಪೈ 3 ಎಂಬ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ ಪುಟ್ಟ ಲಿನಕ್ಸ್ ಸಾಕು. ಬೇಕಾದಷ್ಟೇ ಇರುವ ಅಂಥ ಲಿನಕ್ಸನ್ನು ಸೋರ್ಸ್‌ನಿಂದ ಕಟ್ಟಿಕೊಡುವ ಸಾಧನಗಳೇ ಬಿಲ್ಡ್‌ರೂಟ್ ಮತ್ತು ಯೋಕ್ಟೋ. ಪೈ ಒಳಗಿರುವುದು ಆರ್ಮ್ ಪ್ರೊಸೆಸರ್, ಮನೆಯ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್. ಅಂದರೆ ಇಂಟೆಲ್‌ನಲ್ಲಿ ಕೂತು ಆರ್ಮ್‌ನಲ್ಲಿ ಓಡುವ ಪ್ರೋಗ್ರಾಮ್ ಕಟ್ಟಬೇಕು, ಇದೇ ಕ್ರಾಸ್ ಕಂಪೈಲ್.

ಪೈ ಮೇಲೇ ಕಂಪೈಲ್ ಮಾಡಬಹುದಲ್ವಾ? ಮಾಡಬಹುದು. ಆದರೆ ಇರುವುದು 1 ಜಿಬಿ ರ‍್ಯಾಮ್. ದೊಡ್ಡ ಪ್ಯಾಕೇಜ್ ಬಂದರೆ ರ‍್ಯಾಮ್ ಸಾಲದೆ ಕಾರ್ಡನ್ನೇ ಬಳಸುವ ಸ್ವಾಪ್ ಶುರುವಾಗಿ ಎಸ್‌ಡಿ ಕಾರ್ಡ್ ಸವೆಯುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಆರ್ಮ್ ಯಂತ್ರದಂತೆ ನಟಿಸುವ ಕ್ಯೂಎಮು ಹಾಕಿ ಆರ್ಮ್ ಕಂಪೈಲರನ್ನೇ ಓಡಿಸಿಯೂ ನೋಡಿದೆ. ಅದೂ ಬಲು ನಿಧಾನ.

ಉಳಿದದ್ದು ಎರಡು. ಬಿಲ್ಡ್‌ರೂಟ್‌ನಲ್ಲಿ ಪೈ 3ರ ಡೆಫ್‌ಕಾನ್ಫಿಗ್, ಅಂದರೆ ಮೂಲ ಸೆಟ್ಟಿಂಗ್‌ಗಳ ಫೈಲ್, ಸಿದ್ಧವಾಗಿಯೇ ಇದೆ. ಮೆನುವಿನಲ್ಲಿ ಬೇಕಾದ್ದಕ್ಕೆ ಗುರುತು ಹಾಕಿ 'ಮೇಕ್' ಕೊಟ್ಟರೆ ಕೊನೆಗೆ ಕಾರ್ಡ್‌ಗೆ ನೇರ ಬರೆಯುವ ಇಮೇಜ್ ಸಿಗುತ್ತದೆ. ಸಿದ್ಧ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಸಾಧನಗಳು) ಆರಿಸಿಕೊಂಡರೆ ಜಿಸಿಸಿ ಕಂಪೈಲರನ್ನು ಕಟ್ಟುವ ಕೆಲಸವೂ ತಪ್ಪುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು 'ಮೇಕ್ ಸೋರ್ಸ್'. ಬೇಕಾದ ಸೋರ್ಸನ್ನೆಲ್ಲ ಅದು ಮೊದಲೇ ಇಳಿಸಿಡುತ್ತದೆ. ನೆಟ್ ಇದ್ದಾಗ ಇಳಿಸಿಕೊಂಡರೆ, ಇಲ್ಲದಾಗ ಸುಮ್ನೆ ಕಟ್ಟುತ್ತಾ ಕೂರಬಹುದು.

ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋಗದ ದಿನ ಉಂಟಾ? ಮಧ್ಯದಲ್ಲಿ ನಿಂತರೂ ಬಿಲ್ಡ್‌ರೂಟ್ ಮುಗಿದ ಪ್ಯಾಕೇಜ್‌ಗಳನ್ನು ಮತ್ತೆ ಮುಟ್ಟುವುದಿಲ್ಲ. ಅರ್ಧಕ್ಕೆ ನಿಂತದ್ದರಲ್ಲಿ ಕೆಲವೊಮ್ಮೆ ಕಂಪೈಲಾದ ತುಣುಕಿನ ಆಬ್ಜೆಕ್ಟ್ ಫೈಲ್ ಖಾಲಿಯಾಗಿ ಉಳಿದು, ತುಣುಕುಗಳನ್ನು ಜೋಡಿಸುವ ಲಿಂಕರ್ ತಕರಾರು ತೆಗೆಯುತ್ತದೆ. ಆ ಪ್ಯಾಕೇಜಿಗೆ ಮಾತ್ರ ಕಟ್ಟಿದ್ದನ್ನು ಅಳಿಸುವ 'ಡರ್‌ಕ್ಲೀನ್' ಕೊಟ್ಟು ಮತ್ತೆ ಕಟ್ಟಿದರೆ ಸರಿಹೋಗುತ್ತದೆ.

ಯೋಕ್ಟೋ ಬೇರೆಯೇ ಲೋಕ. ಕಟ್ಟುವ ಕೆಲಸ ನಡೆಸುವ ಬಿಟ್‌ಬೇಕ್, ಪ್ಯಾಕೇಜ್ ಕಟ್ಟುವ ವಿಧಾನ ಬರೆದ ರೆಸಿಪಿ, ರೆಸಿಪಿಗಳ ಗುಂಪಾದ ಲೇಯರ್ ಅಂತ ಮೊದಲು ಕಲಿಯುವುದೇ ಬಹಳ. ಜಿಸಿಸಿಯನ್ನೂ ತಾನೇ ಕಟ್ಟುತ್ತದೆ, ಡಿಸ್ಕ್‌ನಲ್ಲಿ ಹತ್ತಾರು ಜಿಬಿ ನುಂಗುತ್ತದೆ. ಕಟ್ಟಿ ಮುಗಿದದ್ದರ ಕೆಲಸದ ಫೈಲ್‌ಗಳನ್ನು ಅಳಿಸುವ 'ಆರ್‌ಎಂ ವರ್ಕ್' ಹಾಕಿದರೆ ಹಸಿವು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಆದರೆ ಒಮ್ಮೆ ಕಟ್ಟಿದ ಮೇಲೆ ಅದರ ಜಾಣತನ ಕಾಣುತ್ತದೆ. ಒಂದು ಸೆಟ್ಟಿಂಗ್ ಬದಲಿಸಿದರೆ ಅದಕ್ಕೆ ತಗುಲುವ ಭಾಗ ಮಾತ್ರ ಮತ್ತೆ ಕಟ್ಟುತ್ತದೆ, ಉಳಿದದ್ದು ಹಳೆಯ ಸಂಗ್ರಹದಿಂದ ಬರುತ್ತದೆ. ಬಿಲ್ಡ್‌ರೂಟ್‌ಗೆ ಇಷ್ಟು ಬುದ್ಧಿ ಇಲ್ಲ. ಟೂಲ್‌ಚೈನ್ ಆಯ್ಕೆ ಬದಲಿಸಿದರೆ 'ಮೇಕ್ ಕ್ಲೀನ್' ಮಾಡಿ ಮೊದಲಿಂದ ಶುರುಮಾಡಬೇಕು.

ಒಂದೇ ಬೋರ್ಡ್ ಇರುವ ನನಗೆ ಬಿಲ್ಡ್‌ರೂಟೇ ಸಾಕು. ಆದರೆ ಅದರ ಇಮೇಜ್‌ನಲ್ಲಿ ಓಡುತ್ತಿರುವ ಪೈಗೆ ಹೊಸ ಸಾಫ್ಟ್‌ವೇರ್ ಸೇರಿಸುವ ಪ್ಯಾಕೇಜ್ ಮ್ಯಾನೇಜರ್ ಇರುವುದಿಲ್ಲ. ಚಿಕ್ಕದೊಂದು ಸೇರಿಸಬೇಕೆಂದರೂ ಹೊಸ ಇಮೇಜ್ ಬೇಕು. ಮುಂದೆ ತೋಟದ ನಾಲ್ಕು ಮೂಲೆಗೂ ಪೆಟ್ಟಿಗೆ ಇಟ್ಟರೆ ಮಾತು ಬೇರೆ. ಜಿಗಣೆ ಕಚ್ಚಿಸಿಕೊಂಡು ಹೋಗಿ ಕಾರ್ಡ್ ಬದಲಿಸುವುದಕ್ಕಿಂತ, ಇಮೇಜಿಗೆ ಪ್ಯಾಕೇಜ್ ಮ್ಯಾನೇಜರ್ ಸೇರಿಸಬಲ್ಲ ಯೋಕ್ಟೋ ಕಲಿಯುವುದೇ ಸುಲಭ.